ಒತ್ತಿದ ಮೇಲೆ ಬಂದ ಹೊಗೆ

ಬಸವನ ಬಾಗೇವಾಡಿಯಿಂದ ಮುದ್ದೇಬಿಹಾಳದ ಕಡೆ ಹೋಗುವಾಗ ಎಡಕ್ಕೆ ಒಂದು ಉದ್ದನೆಯ ದಿನ್ನೆ ಸಿಗುತ್ತದೆ. ಮರ ಕಡಿಮೆ, ಕಲ್ಲು ಹೆಚ್ಚು, ಗಾಳಿಯಂತೂ ವರ್ಷವಿಡೀ. ಆ ದಿನ್ನೆಯ ಮೇಲೆ ಸಾಲಾಗಿ ನಿಂತ ಗಾಳಿಯಂತ್ರಗಳಿಗೆ ಸುತ್ತಲಿನ ಹಳ್ಳಿಯವರು ಪಂಕಾ ಅನ್ನುತ್ತಾರೆ. ಕಂಪನಿಯವರು ಒಂದೊಂದಕ್ಕೂ ನಂಬರು ಹಾಕಿದ್ದಾರೆ. ಹದಿನೇಳನೆಯದು ಚಾಂದಸಾಬ ನದಾಫನ ಹೊಲದಲ್ಲಿತ್ತು.

ಹೊಲದ ಒಂದು ತುಂಡನ್ನು ಕಂಪನಿಗೆ ಬಿಟ್ಟುಕೊಟ್ಟಾಗ ಚಾಂದಸಾಬನಿಗೆ ಅದೇ ಪಂಕಾದ ಕಾವಲು ಕೆಲಸ ಸಿಕ್ಕಿತು. ಖಾಕಿ ಅಂಗಿ, ಒಂದು ಟಾರ್ಚು, ಕಂಬದ ಬುಡದ ಬಾಗಿಲಿಗೆ ಒಂದು ಕೀಲಿ. ಐವತ್ತು ದಾಟಿದ ಮನುಷ್ಯ, ಮೊದಲ ಸಲ ಸಂಬಳ ನೋಡುತ್ತಿದ್ದ. ಆದರೆ ಅವನಿಗೆ ಸಂಬಳಕ್ಕಿಂತ ಆ ಖಾಕಿ ಅಂಗಿಯೇ ದೊಡ್ಡದಾಗಿತ್ತು. ಕಂಬದ ಸುತ್ತ ಕಸ ಬೆಳೆಯಲು ಬಿಡುತ್ತಿರಲಿಲ್ಲ. ದಂಡೆಗೆ ಕಲ್ಲು ಜೋಡಿಸಿ ಸುಣ್ಣ ಹಚ್ಚಿದ್ದ. ಸಂಜೆ ಹೊರಸಿನ ಮೇಲೆ ಕೂತು ಮೇಲೆ ನೋಡುತ್ತ, ಇವತ್ತು ಅದರ ಸಪ್ಪಳ ಹೇಗಿದೆ ಎಂದು ಹೆಂಡತಿಗೆ ಹೇಳುತ್ತಿದ್ದ. ಹೆಂಡತಿ ಸಿದ್ದೀಕಾ ಇಂಡಿ ತಾಲೂಕಿನ ತಾಂಬಾದವಳು. ಆಡು ಸಾಕಿದ್ದಳು. ಚಾಂದಸಾಬನ ತಾಯಿ ಶಮ್ಶುನ್ನೀಸಾ ಬಿದ್ದು ಸೊಂಟದ ಎಲುಬು ಮುರಿದುಕೊಂಡ ಮೇಲೆ ಹೊರಸು ಬಿಟ್ಟು ಏಳುತ್ತಿರಲಿಲ್ಲ. ಮನೆ, ಆಡಿನ ಕೊಟ್ಟಿಗೆ, ಜೋಳದ ಕಣಕಿಯ ಬಣವೆ, ಎಲ್ಲವೂ ಕಂಬದ ಕೂಗಳತೆಯಲ್ಲೇ ಇದ್ದವು.

ನಿಡಗುಂದಿಯ ಆರಿಫ ಆ ದಿನ್ನೆಯ ಪಂಕಾಗಳ ರಿಪೇರಿ ನೋಡಿಕೊಳ್ಳುತ್ತಿದ್ದ. ಐಟಿಐ ಕಲಿತವನು, ಇನ್ನೂ ಮದುವೆಯಾಗಿರಲಿಲ್ಲ. ಹದಿನೇಳನೆಯ ಕಂಬಕ್ಕೆ ಬಂದ ದಿನ ಅವನ ಊಟ ಸಿದ್ದೀಕಾಳ ಮನೆಯಲ್ಲೇ. ಚಾಂದಸಾಬನಿಗೆ ಚಾಚಾ ಅನ್ನುತ್ತಿದ್ದ. ಕೆಲಸ ಶುರುವಾದ ಮೊದಲಿಗೆ ಕಂಪನಿಯ ಸುರಕ್ಷತಾ ಅಧಿಕಾರಿಯೊಬ್ಬರು ಕಾವಲುಗಾರರನ್ನೆಲ್ಲ ಕೂರಿಸಿಕೊಂಡು ಹಿಂದಿಯಲ್ಲಿ ಪಾಠ ಹೇಳಿದ್ದರು. ಆರಿಫ ಅದನ್ನು ಕನ್ನಡದಲ್ಲಿ ಹೇಳಿದ್ದ. ಕಂಬದ ಬುಡದ ಪೆಟ್ಟಿಗೆಯಲ್ಲಿ ಕೆಂಪು ಬಟನ್ ಇದೆ. ಏನಾದರೂ ಅನಾಹುತ ಕಂಡರೆ ಅದನ್ನು ಒತ್ತಬೇಕು, ಆಮೇಲೆ ಫೋನ್ ಮಾಡಬೇಕು.

"ಒತ್ತಿದ್ರ ಪಂಕಾಕ್ಕ ಏನೂ ಆಗೂದಿಲ್ಲಲ್ಲ?" ಎಂದು ಚಾಂದಸಾಬ ಕೇಳಿದ್ದ.

ಆರಿಫ ಅಧಿಕಾರಿಯನ್ನು ಕೇಳಿ, "ಏನಾಗೂದಿಲ್ಲ ಚಾಚಾ, ನಿಂದ್ರತೈತಿ ಅಷ್ಟ," ಎಂದಿದ್ದ.

ಪಂಕಾ ನಿಲ್ಲುವುದು ನಿಜವಾಗಿ ಬ್ರೇಕಿನಿಂದಲ್ಲ. ಗಾಳಿಗೆ ಅಗಲವಾಗಿ ಮುಖ ಕೊಟ್ಟು ತಿರುಗುವ ರೆಕ್ಕೆಗಳು ತಮ್ಮ ಬುಡದಲ್ಲೇ ಹೊರಳಿ ಅಂಚನ್ನು ಗಾಳಿಗೆ ಕೊಡುತ್ತವೆ. ಆಗ ಗಾಳಿಗೆ ಹಿಡಿತ ಸಿಗುವುದಿಲ್ಲ, ಪಂಕಾ ತಾನಾಗಿ ನಿಧಾನವಾಗುತ್ತದೆ. ಬ್ರೇಕು ಏನಿದ್ದರೂ ಕೊನೆಗೆ, ನಿಧಾನವಾಗಿದ್ದನ್ನು ಪೂರ್ತಿ ನಿಲ್ಲಿಸಲು. ಲೈನಿನಲ್ಲಿ ಕರೆಂಟು ಹೋದಾಗಲೂ ರೆಕ್ಕೆ ಹೊರಳಬೇಕಲ್ಲ, ಅದಕ್ಕಾಗಿ ರೆಕ್ಕೆಗಳ ಬುಡದಲ್ಲಿ ಬ್ಯಾಟರಿಗಳಿರುತ್ತವೆ. ಹದಿನೇಳನೆಯ ಕಂಬದ ಬ್ಯಾಟರಿಗಳು ಬೇಸಿಗೆಯಿಂದಲೇ ಸೋತಿದ್ದವು. ಆರಿಫ ಮ್ಯಾನೇಜರ್ ಶ್ರೀವಲ್ಲಭ ಅವರಿಗೆ ಫೋನಿನಲ್ಲೂ ಹೇಳಿದ್ದ, ಎದುರಿಗೂ ಹೇಳಿದ್ದ. ಶ್ರೀವಲ್ಲಭ ಮೇಲಿನವರಿಗೆ ಹೇಳಿದ್ದರು. ಹೊಸ ಬ್ಯಾಟರಿ ಬರುತ್ತವೆ ಎಂಬ ಉತ್ತರ ಬರುತ್ತಿತ್ತು, ಬ್ಯಾಟರಿ ಬರುತ್ತಿರಲಿಲ್ಲ. ಗಾಳಿಯ ಹಂಗಾಮಿನಲ್ಲಿ ಯಂತ್ರ ನಿಲ್ಲಿಸುವ ಮಾತನ್ನು ಯಾರೂ ಆಡಲಿಲ್ಲ.

ಆಷಾಢದ ಒಂದು ಮಧ್ಯಾಹ್ನ, ಮಳೆಯಿಲ್ಲದ ಬಿರುಗಾಳಿ ಎದ್ದಿತು. ಆರಿಫ ನಾಲತವಾಡದ ಕಡೆ ಒಂದು ಟ್ರಾನ್ಸ್‌ಫಾರ್ಮರ್ ನೋಡಲು ಹೋಗಿದ್ದ. ಎಲ್ಲೋ ದೊಡ್ಡ ಲೈನು ಹರಿದು ಬಿತ್ತು. ಇಡೀ ದಿನ್ನೆಗೆ ಕರೆಂಟು ಹೋಯಿತು. ಅವನು ಜೀಪಿನಲ್ಲಿ ಹಿಂದಕ್ಕೆ ಬರುತ್ತಿರುವಾಗ ದೂರದಿಂದಲೇ ಪಂಕಾಗಳು ಒಂದೊಂದಾಗಿ ನಿಧಾನವಾಗಿ ನಿಲ್ಲುವುದು ಕಾಣುತ್ತಿತ್ತು. ಒಂದು ಮಾತ್ರ ನಿಲ್ಲಲಿಲ್ಲ. ಅವನು ಅದನ್ನು ನೋಡುತ್ತಲೇ ಗೇರು ಬದಲಿಸಿದ. ಆಗಲೇ ಫೋನು ಬಂತು.

"ಆರಿಫ, ನಮ್ಮದು ನಿಂದ್ರವಲ್ದು," ಎಂದ ಚಾಂದಸಾಬ. ಗಾಳಿಯಲ್ಲಿ ಅವನ ಮಾತು ಹರಿದು ಹರಿದು ಬರುತ್ತಿತ್ತು. "ಸಪ್ಪಳ ಬ್ಯಾರೆ ಆಗೇತಿ. ಇಂಥಾ ಸಪ್ಪಳ ನಾ ಕೇಳಿಲ್ಲ."

"ಚಾಚಾ, ಮದ್ಲ ಅಮ್ಮನ್ನ ಕರಕೊಂಡು ರಸ್ತೆಕ್ಕ ಬರ್ರಿ. ಮನ್ಯಾಗ ಯಾರೂ ಇರಬ್ಯಾಡ್ರಿ."

"ಹೊರಸ ಎತ್ತಾಕ ಸಿದ್ದೀಕಾ ಅದಾಳ. ತರ್ತೇವಿ. ಆಮ್ಯಾಲ..."

ಅಷ್ಟಕ್ಕೆ ಸಿಗ್ನಲ್ ಹೋಯಿತು. ಆರಿಫ ಮತ್ತೆ ಮತ್ತೆ ಹಚ್ಚಿದ. ಹತ್ತಲಿಲ್ಲ.

ಅವನು ಮುಟ್ಟಿದಾಗ ಶಮ್ಶುನ್ನೀಸಾಳ ಹೊರಸು ರಸ್ತೆಯ ಬದಿ ಬೇವಿನ ಮರದ ಕೆಳಗಿತ್ತು. ಸಿದ್ದೀಕಾ ಅತ್ತೆಯ ಮುಖಕ್ಕೆ ಸೆರಗು ಹಿಡಿದು ಧೂಳು ತಡೆಯುತ್ತ ನಿಂತಿದ್ದಳು. ಗಂಡ ಹೆಂಡತಿ ಇಬ್ಬರೇ ಅಷ್ಟು ದೂರ ಹೊತ್ತು ತಂದಿದ್ದರು. ಮೇಲೆ ಪಂಕಾದ ರೆಕ್ಕೆಗಳು ಬೇರೆ ಬೇರೆಯಾಗಿ ಕಾಣುತ್ತಲೇ ಇರಲಿಲ್ಲ, ಬರೀ ಒಂದು ಬೂದು ಬಣ್ಣದ ತಟ್ಟೆ. ರೆಕ್ಕೆಯ ತುದಿ ಗಾಳಿ ಕೊಯ್ಯುವ ಸಪ್ಪಳ ಎದೆಗೆ ಬಂದು ಬಡಿಯುತ್ತಿತ್ತು.

"ಚಾಚಾ ಎಲ್ಲಿ?"

"ಪಂಕಾದ ಹಂತ್ಯಾಕ ಹೋದ್ರು. ಒತ್ತಿ ಬರ್ತೇನಿ ಅಂದ್ರು."

ಆರಿಫ ಹೊಲದೊಳಗೆ ಓಡಿದ. ಅವನು ಅರ್ಧ ದಾರಿಯಲ್ಲಿರುವಾಗ ಕಂಬದ ಬಾಗಿಲಿನಿಂದ ಖಾಕಿ ಅಂಗಿ ಹೊರಗೆ ಬಂತು. ಚಾಂದಸಾಬ ಬಾಗಿಲು ಹಾಕಿ, ಕೀಲಿ ತಿರುಗಿಸಿ, ಕೀಲಿಯನ್ನು ಕಿಸೆಯಲ್ಲಿಟ್ಟುಕೊಂಡು ಆಮೇಲೆಯೇ ಓಡಲು ಶುರುಮಾಡಿದ. ಹತ್ತಿರ ಬಂದಾಗ ಅವನ ಮುಖದಲ್ಲಿ ಹೆದರಿಕೆ ಇರಲಿಲ್ಲ. ಹೇಳಿದ ಕೆಲಸ ಮುಗಿಸಿದವನ ಸಮಾಧಾನವಿತ್ತು.

"ಒತ್ತೇನಿ," ಎಂದ. "ಈಗ ನಿಂದ್ರತೈತಿ."

ಆರಿಫ ಅವನ ತೋಳು ಹಿಡಿದು ಎಳೆದುಕೊಂಡು ರಸ್ತೆಯ ಕಡೆ ನಡೆಸಿದ. ಆರಿಫನಿಗೆ ಆ ಕ್ಷಣದಲ್ಲೇ ತಿಳಿದಿತ್ತು. ರೆಕ್ಕೆ ಹೊರಳಿಲ್ಲ, ಗಾಳಿ ತನ್ನ ಬಲವನ್ನೆಲ್ಲ ಪಂಕಾಕ್ಕೆ ಕೊಡುತ್ತಲೇ ಇದೆ. ಲೈನು ಬೀಳುವವರೆಗೆ ಆ ಬಲ ಕರೆಂಟಾಗಿ ತಂತಿ ಹಿಡಿದು ಊರೂರಿಗೆ ಹೋಗುತ್ತಿತ್ತು. ಈಗ ತಂತಿಯಲ್ಲಿ ದಾರಿಯಿಲ್ಲ. ಅದಕ್ಕೇ ಪಂಕಾದ ವೇಗಕ್ಕೆ ಸೇರುತ್ತಿದೆ. ಇಂಥ ವೇಗದ ಮೇಲೆ ಬ್ರೇಕು ಬಿದ್ದರೆ ಅದಷ್ಟೂ ಎರಡು ಕಬ್ಬಿಣದ ತಟ್ಟೆಗಳ ನಡುವೆ ಬಿಸಿಯಾಗಿ ಬರಬೇಕು. ಅಷ್ಟನ್ನು ತಾಳುವ ತಟ್ಟೆಗಳಲ್ಲ ಅವು.

ಅವರು ಬೇವಿನ ಮರ ಮುಟ್ಟುವ ಮೊದಲೇ ಕಂಬದ ತುದಿಯ ಡಬ್ಬಿಯಿಂದ ಹೊಗೆ ಬಂತು. ಮೊದಲು ಬಿಳಿದು, ಹಿಂದೆಯೇ ಕರಿದು.

ಆರಿಫ ಶ್ರೀವಲ್ಲಭರಿಗೆ ಫೋನ್ ಹಚ್ಚುತ್ತಲೇ ಇದ್ದ. ರಸ್ತೆಯ ಮೇಲೊಂದು ಕಡೆ ಸಿಗ್ನಲ್ ಸಿಕ್ಕಿತು.

"ಬೆಂಕಿ ಹತ್ತೇತ್ರಿ ಸರ್. ರೆಕ್ಕಿ ಹೊರಳಿಲ್ಲ. ಏನ್ ಮಾಡ್ಲಿ ಹೇಳ್ರಿ."

ಶ್ರೀವಲ್ಲಭ, "ಮ್ಯಾಲ ಯಾರೂ ಇಲ್ಲಲ್ಲ?" ಎಂದರು.

"ಇಲ್ರಿ."

"ಹಂಗಿದ್ರ ದೂರ ನಿಂದ್ರು. ಎಲ್ಲಾರನ್ನೂ ದೂರ ಕಳಸು. ಗಾಳಿ ಇಳಿಯೂತನಕ ಕಾಯಬೇಕು."

"ಬ್ಯಾರೆ ಏನೂ ಮಾಡಾಕ ಬರೂದಿಲ್ಲೇನ್ರಿ?"

"ಏನ್ ಮಾಡ್ತಿಯೋ ಆರಿಫ," ಎಂದರು ಅವರು. ದನಿಯಲ್ಲಿ ಸಿಟ್ಟಿರಲಿಲ್ಲ. "ಗೊತ್ತಿದ್ರ ನನಗೂ ಹೇಳು."

ಬೆಂಕಿ ಡಬ್ಬಿಯಿಂದ ರೆಕ್ಕೆಯ ಬುಡಕ್ಕೆ ಹೋಯಿತು. ಉರಿಯುತ್ತಿದ್ದರೂ ಪಂಕಾ ತಿರುಗುವುದು ನಿಲ್ಲಲಿಲ್ಲ. ಅಷ್ಟೆತ್ತರದಲ್ಲಿ ಒಂದು ದೊಡ್ಡ ಬೆಂಕಿಯ ಗಾಲಿ ತಿರುಗುತ್ತಿತ್ತು. ರೆಕ್ಕೆಯ ಚೂರುಗಳು ಉರಿಯುತ್ತ ಬಿಡಿಸಿಕೊಂಡು ಹಾರತೊಡಗಿದವು. ಕೆಲವು ದೂರದ ಹೊಲಗಳಿಗೆ ಬಿದ್ದವು. ಒಂದು ಬಣವೆಯ ಮೇಲೆ ಬಿತ್ತು.

ಒಣ ಕಣಕಿ ಹತ್ತಿಕೊಳ್ಳಲು ಎಷ್ಟು ಹೊತ್ತು? ಬಣವೆಗೂ ಕೊಟ್ಟಿಗೆಗೂ ನಡುವೆ ಒಂದು ಚಕ್ಕಡಿ ಹೋಗುವಷ್ಟೇ ಜಾಗ. ಗಾಳಿ ಇದೆಯೆಂದು ಸಿದ್ದೀಕಾ ಅವತ್ತು ಆಡುಗಳನ್ನು ಮೇಯಲು ಬಿಟ್ಟಿರಲಿಲ್ಲ. ಎಲ್ಲವೂ ಕೊಟ್ಟಿಗೆಯೊಳಗೆ ಕಟ್ಟಿದ್ದವು. ಅವು ಒದರುವುದು ರಸ್ತೆಗೆ ಕೇಳಿಸಿತು. ಸಿದ್ದೀಕಾ ಅತ್ತೆಯ ಮುಖದ ಮೇಲಿನ ಸೆರಗು ತೆಗೆದಳು, ಓಡಿದಳು. ಆರಿಫ ಹಿಂದೆ ಓಡಿ ಅವಳನ್ನು ಹಿಡಿದ. ಅವಳು ಕೊಸರಿಕೊಂಡು ಹೋದಳು. ಒಳಗೆ ಹೋಗಿ ಬಾಗಿಲ ಹತ್ತಿರದ ಎರಡು ಮೂರು ಆಡುಗಳ ಹಗ್ಗ ಬಿಚ್ಚಿದಳು. ಒಳಗಿನವಕ್ಕೆ ಕೈ ಚಾಚುವಷ್ಟರಲ್ಲಿ ಛಾವಣಿಯ ಗರಿ ಉರಿಯುತ್ತ ಅವಳ ಬಲಗೈ ಮೇಲೆ ಬಿತ್ತು. ಆರಿಫ ಅವಳನ್ನು ಸೊಂಟ ಹಿಡಿದು ಹೊರಗೆಳೆದ. ಕೊಟ್ಟಿಗೆಯ ಬೆಂಕಿ ಮನೆಯ ತೊಲೆಗೆ ಹತ್ತಿತು.

ಬಾಗೇವಾಡಿಯಿಂದ ಅಗ್ನಿಶಾಮಕ ಗಾಡಿ ಬಂತು. ಅವರ ನೀರು ಕಂಬದ ಕಾಲುಭಾಗದಷ್ಟೂ ಏರಲಿಲ್ಲ. ಅವರಲ್ಲಿ ಹಿರಿಯನೊಬ್ಬ ಮೇಲೆ ನೋಡಿ, ಪೈಪನ್ನು ಮನೆಯ ಕಡೆ ತಿರುಗಿಸಿದ. ಮನೆಯಲ್ಲೂ ಉಳಿಸುವುದು ಬಹಳವಿರಲಿಲ್ಲ. ಊರ ಜನ ರಸ್ತೆಯ ತುಂಬ ನಿಂತು ಮೊಬೈಲಿನಲ್ಲಿ ತೆಗೆದುಕೊಳ್ಳುತ್ತಿದ್ದರು. ಆಮೇಲಾಮೇಲೆ ಅವರೂ ಮೊಬೈಲು ಇಳಿಸಿ ಸುಮ್ಮನೆ ನೋಡುತ್ತ ನಿಂತರು. ಹೊತ್ತು ಮುಳುಗುವ ಹೊತ್ತಿಗೆ ಗಾಳಿ ತಾನಾಗಿ ಇಳಿಯಿತು. ಒಂದೂವರೆ ರೆಕ್ಕೆ ಉಳಿದ ಪಂಕಾ ಇನ್ನೆರಡು ಸುತ್ತು ತಿರುಗಿ, ಓಲಾಡಿ, ನಿಂತಿತು.

ಚಾಂದಸಾಬ ಅಷ್ಟೂ ಹೊತ್ತು ತಾಯಿಯ ಹೊರಸಿನ ಕಾಲು ಹಿಡಿದು ಕೂತಿದ್ದ. ಹೆಂಡತಿಯನ್ನು ಆಂಬುಲೆನ್ಸಿಗೆ ಹತ್ತಿಸುವಾಗ ಎದ್ದು ಬಂದು ಆರಿಫನನ್ನು ಕೇಳಿದ.

"ಒತ್ತಿದ್ನಲ್ಲ?"

"ಒತ್ತೀರಿ ಚಾಚಾ."

"ಒತ್ತಿದ ಮ್ಯಾಲನ ಹೊಗಿ ಬಂತು."

ತನಿಖೆಗೆ ಹೊರಗಿನಿಂದ ಮೂವರು ಬಂದರು. ಆರಿಫ ಬ್ಯಾಟರಿಯ ವಿಷಯ ಹೇಳಿದ. ಅವರು ತಾಳ್ಮೆಯಿಂದಲೇ ಕೇಳಿದರು. ರೆಕ್ಕೆಯ ಬುಡದಲ್ಲಿದ್ದದ್ದೆಲ್ಲ ಸುಟ್ಟು ಕರಗಿ ಒಂದು ಮುದ್ದೆಯಾಗಿತ್ತು. ಸುಟ್ಟ ಬ್ಯಾಟರಿ ಸುಡುವ ಮೊದಲು ಸೋತಿತ್ತು ಎಂದು ಅದನ್ನು ನೋಡಿ ಹೇಳುವುದು ಯಾರಿಂದಲೂ ಆಗದ ಮಾತು ಎಂದರು. ಆದರೆ ಬ್ರೇಕಿನ ತಟ್ಟೆಗಳು ಕಬ್ಬಿಣದವು, ಸುಟ್ಟರೂ ಉಳಿದಿದ್ದವು. ಪೂರ್ತಿ ವೇಗದಲ್ಲಿ ಬ್ರೇಕು ಬಿದ್ದಿದೆ ಎಂಬುದು ಅವುಗಳ ಮೇಲೆ ಎಲ್ಲರಿಗೂ ಕಾಣುವಂತಿತ್ತು. ಬೆಂಕಿ ಹತ್ತಿದ್ದು ಅಲ್ಲಿಂದ. ಬ್ರೇಕು ಬಿದ್ದಿದ್ದು ಬಟನ್ ಒತ್ತಿದ್ದರಿಂದ. ಒತ್ತಿದವನು ಕಾವಲುಗಾರ.

"ಒತ್ತಬೇಕು ಅಂತ ಕಂಪನಿಯವ್ರ ಹೇಳಿದ್ರು," ಎಂದ ಆರಿಫ. "ನಾನ ಕನ್ನಡದಾಗ ಹೇಳೇನಿ."

"ಎಂಥಾ ಹೊತ್ತಿನ್ಯಾಗ ಒತ್ತಬಾರದು ಅಂತ ಹೇಳಿದ್ರೇನು?"

ಅದನ್ನು ಯಾರೂ ಹೇಳಿರಲಿಲ್ಲ. ಪಾಠ ಹೇಳಿದ ಆ ಸುರಕ್ಷತಾ ಅಧಿಕಾರಿ ಕೆಲಸ ಬಿಟ್ಟು ಗುಜರಾತಿನ ಕಡೆ ಎಲ್ಲಿಗೋ ಹೋಗಿದ್ದರು. ಚಾಂದಸಾಬನನ್ನು ಕರೆದು ಕೇಳಿದಾಗ ಅವನು ಒಂದೇ ಮಾತು ಹೇಳಿದ: "ನಾನ ಒತ್ತಿದ್ದು ಖರೇ ಐತ್ರಿ." ಅದಕ್ಕಿಂತ ಹೆಚ್ಚಿಗೆ ಅವರಿಗೂ ಬೇಕಿರಲಿಲ್ಲ. ಖಾಕಿ ಅಂಗಿಯನ್ನು ಅವನೇ ಒಗೆದು, ಮಡಿಚಿ, ಕೀಲಿಯ ಜೊತೆಗೆ ಶ್ರೀವಲ್ಲಭರ ಮೇಜಿನ ಮೇಲಿಟ್ಟು ಬಂದ. ಕಂಪನಿ ಮನೆಗೆ, ಕೊಟ್ಟಿಗೆಗೆ ತಗಡು ಕೊಟ್ಟಿತು. ಸುಟ್ಟ ಗೋಡೆಗಳ ಮೇಲೆ ತಗಡು ಬಿತ್ತು. ಸಿದ್ದೀಕಾಳ ಕೈ ಮಾಯಿತು, ಆದರೆ ಬೆರಳುಗಳು ಒಳಕ್ಕೆ ಎಳೆದುಕೊಂಡು ಗಟ್ಟಿಯಾದವು. ಎಡಗೈಯಲ್ಲಿ ರೊಟ್ಟಿ ಬಡಿಯಲು ಅವಳು ಕಲಿಯುತ್ತಿದ್ದಳು.

ಆರಿಫ ಹೋದಾಗಲೆಲ್ಲ ಚಾಂದಸಾಬನದು ಅದೇ ಮಾತು. ಅಳುತ್ತಿರಲಿಲ್ಲ, ಬಯ್ಯುತ್ತಿರಲಿಲ್ಲ. ಲೆಕ್ಕ ಒಪ್ಪಿಸುವವನಂತೆ ಹೇಳುತ್ತಿದ್ದ. ಒತ್ತಿದ್ದು ನಾನು. ಒತ್ತಿದ ಮೇಲೆ ಹೊಗೆ. ಹೊಗೆಯ ಹಿಂದೆ ಬೆಂಕಿ. ಬೆಂಕಿಯಿಂದ ಸಿದ್ದೀಕಾಳ ಕೈ.

"ಗಾಳಿ ತಂದಿದ್ದು ಚಾಚಾ ಅದು. ನೀವು ತಂದಿದ್ದಲ್ಲ," ಎಂದು ಆರಿಫ ಎಷ್ಟೋ ಸಲ ಹೇಳಿದ. "ಒಳಗ ಬಂದ ಬಲ ಹೊರಗ ಹೋಗಾಕ ಬೇಕು. ತಂತಿ ಇರಲಿಲ್ಲ. ನೀವು ಒತ್ತಲಿಲ್ಲಂದ್ರೂ ಅದು ಹಂಗ ಸುಮ್ನ ಹೋಗತಿರಲಿಲ್ಲ. ರೆಕ್ಕಿ ಮುರದು ಮನಿಮ್ಯಾಲ ಬೀಳತಿತ್ತು."

"ಬೀಳತಿತ್ತೋ, ಅತ್ಲಾಗ ಹಳ್ಳದಾಗ ಬೀಳತಿತ್ತೋ," ಎನ್ನುತ್ತಿದ್ದ ಚಾಂದಸಾಬ. "ಅದನ್ನ ಯಾರ್ ನೋಡ್ಯಾರ?"

ಒಂದು ದಿನ ಆರಿಫನಿಗೆ ರಾಮಚಂದ್ರ ಮಾಸ್ತರರ ನೆನಪಾಯಿತು. ನಿಡಗುಂದಿಯ ಹೈಸ್ಕೂಲಿನಲ್ಲಿ ಅವನಿಗೆ ವಿಜ್ಞಾನ ಕಲಿಸಿದವರು, ನಿವೃತ್ತರಾಗಿ ಮುದ್ದೇಬಿಹಾಳದಲ್ಲಿದ್ದರು. ಶಕ್ತಿಯನ್ನು ಹುಟ್ಟಿಸಲು ಬರುವುದಿಲ್ಲ, ಇಲ್ಲದಂತೆ ಮಾಡಲೂ ಬರುವುದಿಲ್ಲ, ಅದು ರೂಪ ಬದಲಿಸುತ್ತದೆ ಅಷ್ಟೆ ಎಂಬ ಪಾಠವನ್ನು ಅವರ ಬಾಯಲ್ಲಿ ಕೇಳಿದ ಹುಡುಗರು ಮರೆತವರಿಲ್ಲ. ಆರಿಫ ಮನೆಗೆ ಹೋದಾಗ ಮಾಸ್ತರರ ಹೆಂಡತಿ ಗೋದೂಬಾಯಿ ಚಹಾ ತಂದು ಅಲ್ಲೇ ನಿಂತು ಎಲ್ಲವನ್ನೂ ಕೇಳಿದರು. ಗಂಡನಿಗೆ ಮರಾಠಿಯಲ್ಲಿ ಏನೋ ಹೇಳಿದರು. ಮಾಸ್ತರರು ನಕ್ಕು, "ಹೋಗಿ ಬಾ ಅಂತಾಳ," ಎಂದರು. "ನಡಿ. ಹೆದರಿಕಿ ತಿಳುವಳಿಕಿಲೇ ಹೋಗತೈತಿ."

ಅವರು ಚಾಂದಸಾಬನ ಅಂಗಳದಲ್ಲಿ ಕೂತು ಬಹಳ ಗೌರವದಿಂದ ಮಾತಾಡಿದರು. ಪಕ್ಕದ ಹೊಲದವನ ಸೈಕಲ್ ಇಸಿದುಕೊಂಡು ತಲೆಕೆಳಗು ಮಾಡಿ ನಿಲ್ಲಿಸಿದರು. ಎಪ್ಪತ್ತು ದಾಟಿದ ಮನುಷ್ಯ ಮಂಡಿಯೂರಿ, ಕೈಯಿಂದ ಪೆಡಲು ಜೋರಾಗಿ ತಿರುಗಿಸಿ ಹಿಂದಿನ ಗಾಲಿ ಬಿಟ್ಟರು.

"ಈ ಗಾಲ್ಯಾಗಿನ ಬಲ ಯಾರದು?"

"ನಿಮ್ಮ ಕೈದ್ರಿ," ಎಂದ ಚಾಂದಸಾಬ.

"ಸರಿ. ಗಾಲಿದಲ್ಲ, ಬ್ರೇಕಿಂದಲ್ಲ. ಈಗ ಬ್ರೇಕ್ ಹಿಡಿ."

ಚಾಂದಸಾಬ ಹಿಡಿದ. ಗಾಲಿ ಕಿರುಗುಟ್ಟಿ ನಿಂತಿತು. ಮಾಸ್ತರರು ಮತ್ತೆ ತಿರುಗಿಸಿದರು, ಮತ್ತೆ ಹಿಡಿಸಿದರು. ಹೀಗೆ ಸುಸ್ತಾಗುವತನಕ ಮಾಡಿ, ಅವನ ಬೆರಳು ಹಿಡಿದು ಬ್ರೇಕಿನ ರಬ್ಬರಿಗೆ ಮುಟ್ಟಿಸಿದರು.

"ಬಿಸಿ ಐತಿ?"

"ಐತ್ರಿ."

"ನನ್ನ ಕೈಯಾಗಿನ ಬಲ ಗಾಲಿಗೆ ಬಂತು, ಗಾಲ್ಯಾಗಿನದು ಬಿಸಿ ಆತು. ಎಲ್ಲೂ ಹೋಗಲಿಲ್ಲ. ನೀ ಏನೂ ಹುಟ್ಟಸಲಿಲ್ಲ. ಹಂಗ ಅಲ್ಲಿ ಗಾಳಿ. ನೀ ಒತ್ತಿದ್ದರಾಗ ಹೊಸಾದು ಏನೂ ಹುಟ್ಟಿಲ್ಲಪಾ. ಇದ್ದಿದ್ದ ಹೊರಗ ಬಂತು."

ಚಾಂದಸಾಬ ರಬ್ಬರಿನ ಮೇಲಿಂದ ಬೆರಳು ತೆಗೆಯಲಿಲ್ಲ. ಅದು ಆರುವತನಕ ಹಾಗೇ ಇಟ್ಟುಕೊಂಡಿದ್ದ. ಒಲೆಯ ಹತ್ತಿರ ಕೂತ ಸಿದ್ದೀಕಾ ಕೆಲಸ ಬಿಟ್ಟು ಈ ಕಡೆ ನೋಡುತ್ತಿದ್ದಳು.

"ನಾ ಹಿಡೀಲಿಲ್ಲಂದ್ರ ಗಾಲಿ ತಿರಗತಿತ್ತಲ್ರೀ?"

"ತಿರಗತಿತ್ತು."

"ರಬ್ಬರ ಬಿಸಿ ಆಗತಿರಲಿಲ್ಲ."

ಅಲ್ಲ ಎನ್ನಲು ಮಾಸ್ತರರಿಗೆ ಬರುವಂತಿರಲಿಲ್ಲ.

"ರಬ್ಬರ ಆಗತಿರಲಿಲ್ಲ," ಎಂದರು. "ಆದ್ರ..."

"ಅಷ್ಟ ನೋಡ್ರಿ ನಾನೂ ಅನ್ನೂದು," ಎಂದ ಚಾಂದಸಾಬ. ಅವನ ದನಿಯಲ್ಲಿ ವಾದ ಗೆದ್ದ ಭಾವನೆ ಇರಲಿಲ್ಲ. ಇಷ್ಟು ದಿನ ತಾನೊಬ್ಬನೇ ಹೇಳುತ್ತಿದ್ದದ್ದನ್ನು ಓದಿದವರೂ ಒಪ್ಪಿದರು ಎಂಬಂತೆ ಅವರಿಗೆ ಕೈಮುಗಿದ. "ದೊಡ್ಡವ್ರು ಇಲ್ಲೀತನಕ ಬಂದು ತಿಳಿಸಿ ಹೇಳಿದ್ರಿ. ಚಲೋ ಆತು."

ಅವನು ಸೈಕಲನ್ನು ನೆಟ್ಟಗೆ ಮಾಡಿ, ಒರೆಸಿ, ಪಕ್ಕದ ಹೊಲಕ್ಕೆ ಮುಟ್ಟಿಸಲು ಹೋದ.

ಹಿಂದಿರುಗುವ ದಾರಿಯಲ್ಲಿ ಮುದ್ದೇಬಿಹಾಳ ಸಮೀಪಿಸಿದಾಗ ಮಾಸ್ತರರು, "ನಾ ಹೇಳಿದ್ದರಾಗ ತಪ್ಪೇನೂ ಇರಲಿಲ್ಲ, ಅಲ್ಲೇನು?" ಎಂದು ಕೇಳಿದರು.

"ಇಲ್ರಿ ಸರ್."

"ಅಂವ ಹೇಳಿದ್ದರಾಗೂ ಇಲ್ಲ," ಎಂದರು. ಮನೆಯ ಮುಂದೆ ಇಳಿಯುವಾಗ ಆರಿಫನ ಹೆಗಲ ಮೇಲೆ ಕೈಯಿಟ್ಟರು. ಆ ಕೈ ಸೈಕಲಿನ ಚೈನಿನ ಎಣ್ಣೆಯಿಂದ ಕಪ್ಪಾಗಿತ್ತು.

ಆ ವರ್ಷ ತೊಗರಿ ಚೆನ್ನಾಗಿಯೇ ಹುಟ್ಟಿತು. ಆದರೆ ಸಾಲಿನೊಳಗೆ ಕಾಲಿಟ್ಟರೆ ತುರಿಕೆ. ಪಂಕಾದ ರೆಕ್ಕೆ ಮಾಡಿದ್ದು ಗಾಜಿನ ಎಳೆ ಮತ್ತು ಅಂಟಿನಿಂದ. ಅಂಟು ಸುಟ್ಟು ಹೊಗೆಯಾಗಿ ಆಕಾಶಕ್ಕೆ ಹೋಗಿತ್ತು. ಗಾಜಿನ ಎಳೆ ಸುಡುವ ವಸ್ತುವಲ್ಲ. ಅದು ಕೂದಲಿನಂಥ ಎಳೆಗಳಾಗಿ, ಕಪ್ಪು ಹಕ್ಕಳೆಗಳಾಗಿ ಹೊಲದ ತುಂಬ ಬಿದ್ದಿತ್ತು. ಮಳೆ ಬಂದಾಗ ಮಣ್ಣಿನೊಳಗೆ ಇಳಿಯಿತು, ರಂಟೆ ಹೊಡೆದಾಗ ಮೇಲೆ ಬಂತು. ಕಂಪನಿಯ ಗುತ್ತಿಗೆದಾರ ಪಂಕಾದ ಕಬ್ಬಿಣ, ತಾಮ್ರ ಎಲ್ಲವನ್ನೂ ಕೊಯ್ದು ಒಯ್ದಿದ್ದ. ಈ ಕಸವನ್ನು ಅವನು ಮುಟ್ಟಲಿಲ್ಲ. ಉಳಿದ ಆಡುಗಳು ಕೆಮ್ಮತೊಡಗಿದವು. ಶಮ್ಶುನ್ನೀಸಾಳ ಹೊರಸಿನ ಕೌದಿಯಲ್ಲೂ ಆ ಎಳೆ ಸೇರಿ, ತಿರುಗಿ ಮಲಗಲು ಬಾರದ ಮುದುಕಿ ಬೆನ್ನು ಕೆರೆದುಕೊಡಿರೆಂದು ದಿನವೆಲ್ಲ ಕರೆಯುತ್ತಿದ್ದಳು.

ಚಾಂದಸಾಬ ಅದನ್ನು ಆರಿಸಲು ಶುರುಮಾಡಿದ. ಬೆಳಿಗ್ಗೆ ಎದ್ದು ಸಾಲು ಹಿಡಿದು ಕುಕ್ಕರಗಾಲಿನಲ್ಲಿ ಕೂತರೆ ಬಿಸಿಲು ಏರುವತನಕ ಒಂದೊಂದು ಹಕ್ಕಳೆ ಆರಿಸಿ ಗೊಬ್ಬರದ ಚೀಲಕ್ಕೆ ತುಂಬುವುದು, ಮತ್ತೆ ಇಳಿಹೊತ್ತಿಗೆ. ಆಳು ಹಚ್ಚೋಣ ಎಂದರೆ ಬೇಡ ಎಂದ. ಕೈಗೆ ಬಟ್ಟೆ ಸುತ್ತಿಕೋ ಎಂದರೆ ಸುತ್ತಿಕೊಳ್ಳುತ್ತಿರಲಿಲ್ಲ. ಬೆರಳ ಸಂದಿಗಳು ಕೆಂಪಾಗಿ ಬಾತಿದ್ದವು. ಚೀಲಗಳು ಕೊಟ್ಟಿಗೆಯಲ್ಲಿ ಒಂದರ ಮೇಲೊಂದು ಏರಿದವು. ಒಂದು ಮಳೆ ಬಂದು ಹೋದರೆ ಹೊಲದಲ್ಲಿ ಮತ್ತಷ್ಟು ತೇಲುತ್ತಿತ್ತು.

"ಆಡಿಗೆ ಜಾಗಾ ಇಲ್ಲ," ಎಂದು ಸಿದ್ದೀಕಾ ಒಂದು ದಿನ ಆರಿಫನಿಗೆ ಹೇಳಿದಳು. "ಅವ್ರಿಗೆ ಬ್ಯಾಡ ಅನ್ನಾಕ ನನಗ ಬಾಯಿ ಬರವಲ್ದು. ನೀ ಚೀಲಾನರ ಎಲ್ಲೆರ ಒಯ್ದು ಒಗದ ಬಾ."

ಆರಿಫ ರಜೆಯ ದಿನ ಜೀಪು ತಂದ. ಹಿಡಿಸುವಷ್ಟು ಚೀಲ ಏರಿಸಿಕೊಂಡು ಬಾಗೇವಾಡಿಯ ಕಸದ ಜಾಗಕ್ಕೆ ಹೋದ. ಅಲ್ಲಿ ಕೆಲಸ ಮಾಡುವ ಹೆಂಗಸೊಬ್ಬಳು ಒಂದು ಚೀಲದ ಬಾಯಿ ಬಿಚ್ಚಿ ನೋಡಿ, ಕೈ ಕೆರೆದುಕೊಂಡು, "ಇದು ಊರ ಕಸ ಅಲ್ಲಪಾ. ನಮ್ಮ ಮಂದಿ ಕೈಲೆ ಆರಸ್ತಾರ. ಇದನ್ನ ಇಲ್ಲಿ ಹಾಕಬ್ಯಾಡ," ಎಂದಳು. ಅವಳು ಹೇಳಿದ್ದು ಸರಿಯೇ ಇತ್ತು. ಗುಜರಿ ಅಂಗಡಿಯವನು ಕಬ್ಬಿಣವಲ್ಲ, ಪ್ಲಾಸ್ಟಿಕ್ಕಲ್ಲ, ಏನಂತ ತಗೊಳ್ಳಲಿ ಎಂದ. ನಿಡಗುಂದಿಯ ದಾರಿಯಲ್ಲಿ ಒಬ್ಬ ಇಟ್ಟಂಗಿ ಭಟ್ಟಿಯವನು ಪರಿಚಯದವನಿದ್ದ. ಒಂದು ಚೀಲವನ್ನು ಭಟ್ಟಿಯ ಬಾಯಿಗೆ ಹಾಕಿ ನೋಡಿದರು. ಕೆಟ್ಟ ಹೊಗೆ ಎದ್ದಿತು. ಹೊಗೆ ಹೋದ ಮೇಲೆ ಕೋಲಿನಿಂದ ಕೆದಕಿ ನೋಡಿದರೆ ಚೀಲ ಹೋಗಿತ್ತು, ಎಳೆಗಳು ಕರಗಿ ಒಂದಕ್ಕೊಂದು ಅಂಟಿಕೊಂಡು ಹಾಗೇ ಕೂತಿದ್ದವು. ಅದನ್ನೂ ತೆಗೆದುಕೊಂಡು ಹೋಗು ಎಂದ ಭಟ್ಟಿಯವನು. ಆರಿಫ ಒಂದು ತಗಡಿನ ಡಬ್ಬಿಯಲ್ಲಿ ಹಾಕಿಕೊಂಡ.

ಕೊನೆಗೆ ಅವನು ಕಂಪನಿಯ ಗೋದಾಮಿಗೆ ಹೋದ. ಶ್ರೀವಲ್ಲಭ ಹೊರಗೆ ಬಂದು ಜೀಪಿನ ಹಿಂದೆ ನಿಂತು ಚೀಲಗಳನ್ನು ನೋಡಿದರು.

"ಜಾಗಾ ಪೂರಾ ಸ್ವಚ್ಛ ಆಗೇತಿ ಅಂತ ಮ್ಯಾಲ ತಿಳಿಸಿ ಆಗೇತಿ, ಆರಿಫ," ಎಂದರು. "ಈಗ ಇವನ್ನ ಒಳಗ ತಗೊಂಡ್ರ ಎಲ್ಲಿಂದ ಬಂದ್ವು ಅಂತ ಹೇಳ್ಲಿ?"

"ಅಲ್ಲಿಂದನ ಬಂದಾವ್ರಿ. ನಮ್ಮ ರೆಕ್ಕಿನ ಇವು."

"ನನಗ ಗೊತ್ತೈತಿ." ಅವರು ಒಂದು ಚೀಲದ ಮೇಲೆ ಕೈಯಿಡಲು ಹೋಗಿ ಹಿಂದೆ ತೆಗೆದುಕೊಂಡರು. "ಆ ಬ್ಯಾಟರಿದೂ ಗೊತ್ತಿತ್ತು. ಗೊತ್ತಿದ್ದು ಏನ್ ಮಾಡೂದೈತಿ ಹೇಳು. ಚಹಾ ಕುಡದ ಹೋಗು."

ಆರಿಫ ಚಹಾ ಕುಡಿಯಲಿಲ್ಲ. ದಾರಿಯಲ್ಲಿ ಒಂದು ಹಳ್ಳದ ಸೇತುವೆಯ ಮೇಲೆ ಜೀಪು ನಿಲ್ಲಿಸಿ ಇಳಿದ. ಸುತ್ತ ಯಾರೂ ಇರಲಿಲ್ಲ. ಕೆಳಗೆ ಹಳ್ಳದಲ್ಲಿ ಸ್ವಲ್ಪ ನೀರಿತ್ತು, ಮುಂದೆ ಯಾರದೋ ಎಮ್ಮೆಗಳು ಕೂತಿದ್ದವು. ಒಂದು ಚೀಲವನ್ನು ಎತ್ತಿ ಸೇತುವೆಯ ಕಟ್ಟೆಯ ಮೇಲಿಟ್ಟ. ಸ್ವಲ್ಪ ಹೊತ್ತು ಅದನ್ನು ಹಿಡಿದುಕೊಂಡು ನಿಂತ. ಮತ್ತೆ ಜೀಪಿಗೆ ಹಾಕಿದ.

ಅವನು ದಿನ್ನೆಗೆ ಮರಳಿದಾಗ ಇನ್ನೂ ಬೆಳಕಿತ್ತು. ಜೀಪಿನ ಸಪ್ಪಳಕ್ಕೆ ಚಾಂದಸಾಬ ಸಾಲಿನಿಂದ ತಲೆಯೆತ್ತಿದ. ಎದ್ದು ಬಂದು ಚೀಲಗಳನ್ನು ನೋಡಿದ. ಒಂದನ್ನು ಬೆನ್ನ ಮೇಲೆ ಹಾಕಿಕೊಂಡು ಕೊಟ್ಟಿಗೆಗೆ ಒಯ್ದ, ಇನ್ನೊಂದಕ್ಕೆ ಬಂದ. ಇಬ್ಬರೂ ಸೇರಿ ಎಲ್ಲವನ್ನೂ ಇಳಿಸಿದರು. ತಗಡಿನ ಡಬ್ಬಿಯಲ್ಲಿದ್ದ ಮುದ್ದೆಯನ್ನು ನೋಡಿ ಮಾತ್ರ, "ಇದೇನು?" ಎಂದ.

"ಸುಟ್ಟ ನೋಡಿದ್ವಿ ಚಾಚಾ."

"ಸುಡೂದಿಲ್ಲ ಅದು," ಎಂದು ಚಾಂದಸಾಬ ಹೇಳಿ ಮತ್ತೆ ಸಾಲಿನ ಕಡೆ ನಡೆದ.

ಗಾಳಿ ಏಳುತ್ತಿತ್ತು. ಕಸದ ಜಾಗದಲ್ಲಿ, ಗುಜರಿ ಅಂಗಡಿಯಲ್ಲಿ ಬಿಚ್ಚಿ ನೋಡಿದ ಚೀಲಗಳ ಬಾಯಿ ಸಡಿಲಾಗಿ ಎಳೆಗಳು ಕೊಟ್ಟಿಗೆಯಲ್ಲಿ ಹಾರಾಡತೊಡಗಿದವು. ಆಡುಗಳು ಕೆಮ್ಮಿದವು. ಸಿದ್ದೀಕಾ ಸುತಳಿ ತಂದು ಕಟ್ಟಲು ನೋಡಿದಳು. ಒಂದೇ ಕೈಯಲ್ಲಿ ಗಂಟು ಬಿಗಿಯುತ್ತಿರಲಿಲ್ಲ. ಒಂದು ತುದಿಯನ್ನು ಹಲ್ಲಿನಲ್ಲಿ ಹಿಡಿದಳು, ಜಾರಿತು.

"ಬಾಯಿ ಹಿಡಿ ಇಷ್ಟು," ಎಂದಳು.

ಆರಿಫ ಚೀಲದ ಬಾಯಿ ಹಿಡಿದ.